ಎದುರಾಳಿಗೂ ಕಾಯಿ ಬಿಡಬೇಕಾದ ಆಟ

ನಮ್ಮ ಪಿ.ಜಿ. ಹಾಸ್ಟೆಲ್‌ನಲ್ಲಿ ಘಾನಾ ದೇಶದ ಸ್ನೇಹಿತನೊಬ್ಬನಿದ್ದ. ರಾತ್ರಿ ಊಟವಾದ ಮೇಲೆ ಪೆಟ್ಟಿಗೆಯಿಂದ ಒಂದು ಮರದ ಹಲಗೆ ತೆಗೆಯುತ್ತಿದ್ದ. ಎರಡು ಸಾಲು, ಸಾಲಿಗೆ ಆರು ಗುಳಿ. ಮೊದಲ ಸಲ ಕಂಡಾಗ, ‘ಅರೆ, ಇದು ನಮ್ಮಜ್ಜಿಯ ಅಳಗುಳಿಮಣೆ!’ ಎಂದೆ. ‘ಅಲ್ಲ, ಒವಾರೆ’ ಎಂದು ನಕ್ಕ. ಅಜ್ಜಿಯ ಮಣೆಯಲ್ಲಿ ಸಾಲಿಗೆ ಏಳು ಗುಳಿ, ಅಷ್ಟೇ ವ್ಯತ್ಯಾಸ ಎಂದುಕೊಂಡು ಆಡಲು ಕೂತವನು ಹತ್ತೇ ನಿಮಿಷದಲ್ಲಿ ಸೋತೆ.

ಒವಾರೆಯಲ್ಲಿ 48 ಕಾಯಿ, ಗುಳಿಗೆ ನಾಲ್ಕು. ನಮ್ಮ ಸಾಲಿನ ಒಂದು ಗುಳಿ ಬರಿದು ಮಾಡಿ, ಬಲಗಡೆಯಿಂದ ಸುತ್ತುತ್ತ ಒಂದೊಂದೇ ಕಾಯಿ ಬಿಡಬೇಕು. ಕೊನೆಯ ಕಾಯಿ ಎದುರಾಳಿಯ ಗುಳಿಗೆ ಬಿದ್ದು ಅಲ್ಲಿ ಎರಡೋ ಮೂರೋ ಆದರೆ ಅವು ನಮ್ಮವು. 25 ಕಾಯಿ ಕೂಡಿಸಿದವನು ಗೆದ್ದ.

ಪಶ್ಚಿಮ ಆಫ್ರಿಕಾದ ಅಕಾನ್ ಜನರ ಈ ಆಟದ ಹೆಸರಿಗೆ ಮದುವೆಯ ನಂಟಿದೆಯಂತೆ. ಆಟ ಮುಗಿಯದೇ ಹೋದಾಗ, ಒಟ್ಟಿಗಿದ್ದು ಮುಗಿಸೋಣವೆಂದು ಆಡುತ್ತಿದ್ದ ಗಂಡು ಹೆಣ್ಣು ಮದುವೆಯೇ ಆದರು ಎಂಬ ಕಥೆ ಹೇಳುತ್ತಾರೆ. ಗುಲಾಮರಾಗಿ ಹಡಗೇರಿದವರ ಕೈಯಲ್ಲಿ ಏನೂ ಇರಲಿಲ್ಲ. ಆದರೆ ಆಟ ತಲೆಯಲ್ಲಿತ್ತು. ಕೆರಿಬಿಯನ್ ದ್ವೀಪ ಆಂಟಿಗಾದಲ್ಲಿ ಅದು ಇಂದಿಗೂ ‘ವಾರಿ’ ಎಂಬ ಹೆಸರಲ್ಲಿ ಉಳಿದಿದೆ. ಇದಕ್ಕೆ ಬಳಸುವ ಬೂದುಬಣ್ಣದ ಕಾಯಿ ನಮ್ಮ ಬೇಲಿಗಳಲ್ಲೂ ಸಿಗುವ ಗಜ್ಜುಗ!

ಒಂದು ರಾತ್ರಿ ನಾನು ಗೆಲ್ಲುವ ಹಂತದಲ್ಲಿದ್ದೆ. ಅವನ ಆರೂ ಗುಳಿ ಖಾಲಿ. ನನ್ನ ಸಾಲಿನೊಳಗೇ ಒಂದು ಕಾಯಿ ಸರಿಸಹೋದರೆ ಕೈ ತಡೆದ. ‘ಎದುರಿನವನಿಗೆ ಕಾಯಿ ತಲುಪುವ ನಡೆ ಇದ್ದರೆ ಅದನ್ನೇ ಆಡಬೇಕು. ಉಪವಾಸ ಕೆಡವಿ ಗೆಲ್ಲುವಂತಿಲ್ಲ’ ಎಂದ.

ಆ ಮಾತು ನನಗೆ ಚುಚ್ಚಿತು. ಆಗ ನಾನೂ ನನ್ನ ರೂಮ್‌ಮೇಟೂ ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದೆವು. ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ನನ್ನ ಟ್ರಂಕಿನ ತಳದಲ್ಲಿತ್ತು. ಅವನು ಕೇಳಿದಾಗ, ‘ಯಾರೋ ಒಯ್ದರು ಕಣೋ’ ಎಂದಿದ್ದೆ. ಅವನ ಗುಳಿ ಖಾಲಿಯಾಗಿದ್ದರೆ ನನ್ನ ಗೆಲುವು ಸುಲಭ ಎಂಬುದೇ ನನ್ನ ಲೆಕ್ಕವಾಗಿತ್ತು. ಎರಡು ದಿನ ಒದ್ದಾಡಿ, ಮೂರನೆಯ ದಿನ ಕಟ್ಟು ತೆಗೆದುಕೊಟ್ಟೆ. ಸುಳ್ಳು ಹೇಳಿದ್ದನ್ನೂ ಒಪ್ಪಿಕೊಂಡೆ. ಅವನು ಏನೂ ಅನ್ನಲಿಲ್ಲ. ಅಂದಿನಿಂದ ಇಬ್ಬರೂ ಒಟ್ಟಿಗೆ ಓದಿದೆವು.

ಆಯ್ಕೆ ಪಟ್ಟಿಯಲ್ಲಿ ಅವನ ಹೆಸರಿತ್ತು, ನನ್ನದಿರಲಿಲ್ಲ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು. ಕೊಡದೇ ಇದ್ದಿದ್ದರೆ ಎಂದು ಒಂದು ರಾತ್ರಿಯೆಲ್ಲ ಯೋಚಿಸಿದ್ದೂ ಉಂಟು.

2002ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಇಬ್ಬರು ಸಂಶೋಧಕರು ಈ ಆಟದ ಸುಮಾರು 88,900 ಕೋಟಿ ಸ್ಥಿತಿಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸಿದರು. ಇಬ್ಬರೂ ತಪ್ಪಿಲ್ಲದೆ ಆಡಿದರೆ ಆಟ ಸಮ ಎಂಬ ಉತ್ತರ ಬಂತು. ಕೆಲಸದ ಪರೀಕ್ಷೆ ಹಾಗಲ್ಲ. ಅಲ್ಲಿ ಹುದ್ದೆ ಕೆಲವೇ, ಸೋಲುವವರೇ ಹೆಚ್ಚು. ಆದರೂ ಹೇಗೆ ಆಡಬೇಕೆಂಬುದು ನಮ್ಮ ಕೈಯಲ್ಲೇ ಇದೆಯಲ್ಲ.

ರೂಮ್ ಖಾಲಿ ಮಾಡುವ ದಿನ ಅವನು ತಾನು ಬರೆದಿದ್ದ ನಾಲ್ಕು ನೋಟ್ಸ್ ಪುಸ್ತಕ ನನ್ನ ಮಂಚದ ಮೇಲಿಟ್ಟು ಹೋದ. ಮುಂದಿನ ಪರೀಕ್ಷೆಗೆ ಈಗ ಅವನ್ನೇ ಓದುತ್ತಿದ್ದೇನೆ.