ಇ-ಮೇಲ್ ಪತ್ರಗಳ ವಿಲೇವಾರಿ

ಅಂಚೆಯವನು ಹೊತ್ತಿಗೆ ಸರಿಯಾಗಿ ಬರುತ್ತಿದ್ದ ಕಾಲದಲ್ಲಿ ಕಚೇರಿಯ ಕಾಗದಗಳಿಗೆ ಒಂದು ಕ್ರಮವಿದ್ದಿತು. ಬಂದ ಟಪಾಲು ಆವಕದ ಪುಸ್ತಕದಲ್ಲಿ ದಾಖಲಾಗಿ, ಸಂಬಂಧಪಟ್ಟ ಗುಮಾಸ್ತನ ಕೈಸೇರಿ, ವಿಲೇವಾರಿಯಾದ ಬಳಿಕ ಕಡತವನ್ನು ಸೇರುತ್ತಿದ್ದಿತು. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬ ಯಂತ್ರಜ್ಞರು ಜಾಲದ ಮೂಲಕ ಒಂದು ಕಂಪ್ಯೂಟರಿನಿಂದ ಮತ್ತೊಂದಕ್ಕೆ ಪತ್ರವನ್ನು ಕಳುಹಿಸಿದರು. ಆ ಪದ್ಧತಿ ಲೋಕವನ್ನೆಲ್ಲ ವ್ಯಾಪಿಸಿದ ಮೇಲೆ ಪತ್ರಕ್ಕೆ ಹೊತ್ತುಗೊತ್ತೆಂಬುದೇ ಇಲ್ಲವಾಯಿತು. ಮಗು ಪಾಠ ಒಪ್ಪಿಸುತ್ತಿರುವಾಗ ತಂದೆಯೋ ತಾಯಿಯೋ ಫೋನಿನತ್ತಲೇ ನೋಡುತ್ತ ‘ಹೂಂ’ ಎನ್ನುವುದನ್ನು ಇಂದು ಅನೇಕ ಮನೆಗಳಲ್ಲಿ ಕಾಣಬಹುದು. ಆದುದರಿಂದ ಇದು ಕಚೇರಿಯ ಪ್ರಶ್ನೆ ಮಾತ್ರವಲ್ಲ, ಸಂಸಾರದ ಪ್ರಶ್ನೆಯೂ ಹೌದು.

ಮೊದಲು ತಿಳಿಯತಕ್ಕದ್ದೇನೆಂದರೆ, ಇನ್‌ಬಾಕ್ಸ್ ಮನೆಯ ಜಗಲಿಯಂತೆಯೇ ಹೊರತು ಉಗ್ರಾಣವಲ್ಲ. ಜಗಲಿಗೆ ಬಂದವರು ಒಳಕ್ಕಾದರೂ ಬರಬೇಕು, ಹಿಂದಿರುಗಿಯಾದರೂ ಹೋಗಬೇಕು. ಸಾವಿರಾರು ಪತ್ರಗಳು ಅಲ್ಲಿಯೇ ಬಿದ್ದಿದ್ದರೆ, ನಾಳೆಯೇ ಕಡೆಯ ದಿನವಾದ ಟೆಂಡರಿನ ಪತ್ರವು ಜಾಹೀರಾತುಗಳ ಅಡಿಯಲ್ಲಿ ಹುದುಗಿಹೋಗುವುದರಲ್ಲಿ ಆಶ್ಚರ್ಯವೇನು?

ನಮ್ಮ ಶಾಸ್ತ್ರಕಾರರು ಕರ್ಮವನ್ನು ನಿತ್ಯ, ನೈಮಿತ್ತಿಕ, ಕಾಮ್ಯ, ನಿಷಿದ್ಧವೆಂದು ವಿಂಗಡಿಸಿರುವರು. ಈ ವಿಂಗಡಣೆ ಪತ್ರಗಳಿಗೂ ಒಪ್ಪುವುದು. ದಿನದ ವರದಿ, ಸುತ್ತೋಲೆ ಮೊದಲಾದವು ನಿತ್ಯ. ಫಿಲ್ಟರ್ ಎಂಬ ಏರ್ಪಾಡಿನಿಂದ ಅವು ತಾವಾಗಿಯೇ ಬೇರೊಂದು ಖಾನೆಗೆ ಸೇರುವಂತೆ ಮಾಡಬಹುದು. ಮಾರಾಟದ ಪ್ರಕಟಣೆಗಳು ಕಾಮ್ಯ. ಬೇಡವಾದವುಗಳ ಚಂದಾವನ್ನು ರದ್ದುಪಡಿಸುವುದು ಲೇಸು. ಬಹುಮಾನದ ಆಸೆ ತೋರಿಸಿ ಪಾಸ್‌ವರ್ಡ್ ಕೇಳುವ ವಂಚಕರ ಪತ್ರಗಳು ನಿಷಿದ್ಧ. ಅವುಗಳೊಳಗಿನ ಕೊಂಡಿಯನ್ನು ಒತ್ತಲೇ ಕೂಡದು.

ಉಳಿದುವು ನೈಮಿತ್ತಿಕ. ಗ್ರಾಹಕನ ದೂರು, ಮೇಲಧಿಕಾರಿಯ ಪ್ರಶ್ನೆ ಮುಂತಾದ ಇವೇ ನಮ್ಮ ಗಮನಕ್ಕೆ ಅರ್ಹವಾದವು. ಎರಡು ನಿಮಿಷದಲ್ಲಿ ಮುಗಿಯುವುದನ್ನು ಕೂಡಲೆ ಮುಗಿಸತಕ್ಕದ್ದೆಂದು ಅಮೆರಿಕದ ಡೇವಿಡ್ ಅಲೆನ್ 2001ರ ತಮ್ಮ ಗ್ರಂಥದಲ್ಲಿ ಹೇಳಿರುವರು. ಹೆಚ್ಚು ಹೊತ್ತು ಬೇಡುವುದಕ್ಕೆ ದಿನವನ್ನೂ ವೇಳೆಯನ್ನೂ ಗೊತ್ತುಮಾಡಿ ಕ್ಯಾಲೆಂಡರಿನಲ್ಲಿ ಬರೆಯಬೇಕು. ಬೇರೆಯವರ ಕೆಲಸವಾದರೆ ಅವರಿಗೆ ದಾಟಿಸಬೇಕು. ಮುಗಿದುದನ್ನು ಆರ್ಕೈವ್‌ಗೆ ಸೇರಿಸಿದರೆ ಅದು ಅಳಿಯುವುದಿಲ್ಲ, ಹುಡುಕಿದಾಗ ಸಿಕ್ಕುವುದು.

ಇನ್ನು ಹೊತ್ತಿನ ವಿಚಾರ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದ ಕುಶ್ಲೆವ್ ಮತ್ತು ಡನ್ ಎಂಬ ವಿದ್ವಾಂಸರು 124 ಜನರನ್ನು ಪರೀಕ್ಷಿಸಿ 2015ರಲ್ಲಿ ಫಲವನ್ನು ಪ್ರಕಟಿಸಿದರು. ಆ ಜನರು ಒಂದು ವಾರ ದಿನಕ್ಕೆ ಮೂರೇ ಸಲ, ಮತ್ತೊಂದು ವಾರ ಮನಬಂದಷ್ಟು ಸಲ ಇ-ಮೇಲ್ ನೋಡಿದರು. ಮೂರು ಸಲದ ವಾರದಲ್ಲಿ ಅವರ ಮನಸ್ಸಿನ ಒತ್ತಡ ಕಡಮೆಯಾಗಿದ್ದಿತು. ಬೆಳಗ್ಗೆ, ಮಧ್ಯಾಹ್ನ, ಕಚೇರಿ ಬಿಡುವ ಮುನ್ನ ಹೀಗೆ ಮೂರು ಹೊತ್ತು ನಿಯಮಿಸಿಕೊಂಡು, ಉಳಿದ ವೇಳೆಯಲ್ಲಿ ಫೋನಿನ ಸದ್ದನ್ನು ಅಡಗಿಸುವುದು ಯುಕ್ತ.

‘ಮೇಲಧಿಕಾರಿಗಳು ಕಾಯುವರೆ?’ ಎಂದು ವಾಚಕರು ಕೇಳಬಹುದು. ಯೋಗ್ಯವಾದ ಪ್ರಶ್ನೆಯೇ. ತುರ್ತು ಬಂದಲ್ಲಿ ಫೋನು ಮಾಡಿ ಕರೆಯಬೇಕೆಂದು ಅವರೊಡನೆ ಮೊದಲೇ ಮಾತಾಡಿಕೊಂಡರೆ ಅಡಚಣೆ ಬಹುಮಟ್ಟಿಗೆ ನೀಗುವುದು. ಫ್ರಾನ್ಸ್ ದೇಶದಲ್ಲಿ, ಕೆಲಸದ ವೇಳೆ ಮುಗಿದ ಬಳಿಕ ಇಂತಹ ಪತ್ರಗಳಿಂದ ದೂರವಿರುವ ಹಕ್ಕು 2017ರಿಂದ ಕಾನೂನಿನಲ್ಲಿಯೇ ಸೇರಿದೆ.

ಪತ್ರ ಬರೆಯುವವರಿಗೂ ಧರ್ಮವುಂಟು. ವಿಷಯವನ್ನು ಶೀರ್ಷಿಕೆಯಲ್ಲಿಯೇ ಸ್ಪಷ್ಟಪಡಿಸಬೇಕು. ಒಬ್ಬರಿಗೆ ಸಾಕಾದ ಉತ್ತರವನ್ನು ಹತ್ತು ಮಂದಿಗೆ ಕಳುಹಿಸಬಾರದು. ವಾಚಕರು ಈ ಕ್ರಮವನ್ನು ಒಂದು ವಾರ ಅನುಸರಿಸಿ ನೋಡಲಿ. ಸಂಜೆಯ ಪಾಠ ಒಪ್ಪಿಸುವ ಹೊತ್ತಿನಲ್ಲಿ ಫೋನು ಬೇರೆ ಕೋಣೆಯಲ್ಲಿರಲಿ.