ಸಿರಪ್ ಕುಡಿದರೆ ಕಿಡ್ನಿ ಯಾಕೆ ಹೋಗುತ್ತೆ?



2025ರ ಅಕ್ಟೋಬರ್ ತಿಂಗಳು ನಿಮಗೆ ನೆನಪಿರಬೇಕು. ಮಧ್ಯಪ್ರದೇಶದ ಛಿಂದ್ವಾಡ ಜಿಲ್ಲೆಯಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಒಬ್ಬರ ಹಿಂದೆ ಒಬ್ಬರು ತೀರಿಕೊಳ್ಳುತ್ತಿದ್ದರು. ನಾನು ಇದೇ ಸ್ಟುಡಿಯೋದಲ್ಲಿ ಕೂತು ದಿನಾ ಹೊಸ ಸಂಖ್ಯೆ ಓದುತ್ತಿದ್ದೆ. ನಿನ್ನೆಗಿಂತ ಇವತ್ತು ಒಂದು ಜಾಸ್ತಿ, ಇವತ್ತಿಗಿಂತ ನಾಳೆ ಎರಡು ಜಾಸ್ತಿ. ಕೊನೆಗೆ ಆ ಸಂಖ್ಯೆ 20 ದಾಟಿತು. ಹೆಚ್ಚಿನವರು ಐದು ವರ್ಷದೊಳಗಿನ ಕಂದಮ್ಮಗಳು.

ಆ ದಿನಗಳಲ್ಲೇ ಒಂದು ಸಂಜೆ ನಮ್ಮ ಕಾರ್ಯಕ್ರಮಕ್ಕೆ ಅರಸೀಕೆರೆ ಕಡೆಯಿಂದ ಒಬ್ಬ ತಾಯಿ ಫೋನ್ ಮಾಡಿದ್ರು. ಅವರು ಯಾರನ್ನೂ ಬೈಯಲಿಲ್ಲ, ಸರ್ಕಾರವನ್ನೂ ಕೇಳಲಿಲ್ಲ. ಕೇಳಿದ್ದು ಇಷ್ಟೇ: "ಸಾರ್, ಕೆಮ್ಮು ಇರೋದು ಗಂಟಲಲ್ಲಿ. ಸಿರಪ್ ಹೋಗೋದು ಹೊಟ್ಟೆಗೆ. ಹಾಗಿದ್ರೆ ಕಿಡ್ನಿ ಯಾಕೆ ಹೋಗುತ್ತೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಅದರಲ್ಲಿ ವಿಷ ಇತ್ತಮ್ಮ" ಅಂದೆ, ಬ್ರೇಕ್ ತಗೊಂಡೆ. ಆದರೆ ಅದು ಉತ್ತರವೇ ಅಲ್ಲ ಅಂತ ನನಗೂ ಗೊತ್ತಿತ್ತು, ಆ ತಾಯಿಗೂ ಗೊತ್ತಾಗಿರಬೇಕು. ವಾರಗಟ್ಟಲೆ "ವಿಷದ ಸಿರಪ್, ವಿಷದ ಸಿರಪ್" ಅಂತ ಕೂಗಿದವನು ನಾನು. ಆ ವಿಷ ಒಳಗೆ ಹೋಗಿ ಏನು ಮಾಡುತ್ತೆ ಅಂತ ಒಂದು ದಿನವೂ ಓದಿರಲಿಲ್ಲ. ಆಮೇಲೆ ಕೂತು ಓದಿದೆ. ಆ ತಾಯಿಗೆ ಕೊಡಬೇಕಿದ್ದ ಉತ್ತರವನ್ನು ಇವತ್ತು ಕೊಡ್ತೀನಿ.

ಮೊದಲು ಆ ವಿಷದ ಹೆಸರು. ಡೈಎಥಿಲೀನ್ ಗ್ಲೈಕಾಲ್. ಬಣ್ಣ ಇಲ್ಲ, ವಾಸನೆ ಇಲ್ಲ ಅಂತಲೇ ಹೇಳಬಹುದು, ರುಚಿ ಸಿಹಿ, ಪಾನಕದ ಹಾಗೆ ಮಂದ. ಇದನ್ನು ಬಳಸೋದು ಬ್ರೇಕ್ ಆಯಿಲ್‌ನಲ್ಲಿ, ಬಣ್ಣದ ಕಾರ್ಖಾನೆಗಳಲ್ಲಿ. ಸಿರಪ್‌ನಲ್ಲಿ ಔಷಧ ಕರಗಿಸೋದಕ್ಕೆ ಬಳಸಬೇಕಾದದ್ದು ಗ್ಲಿಸರಿನ್ ಅಥವಾ ಪ್ರೊಪಿಲೀನ್ ಗ್ಲೈಕಾಲ್. ನೋಡೋಕೆ ಮೂರೂ ಒಂದೇ ಥರ. ಬೆಲೆಯಲ್ಲಿ ಮಾತ್ರ ವ್ಯತ್ಯಾಸ. ಕಾರ್ಖಾನೆಗೆ ಬಳಸುವ ಮಾಲು ಅಗ್ಗ, ಔಷಧಕ್ಕೆ ಬಳಸುವ ಶುದ್ಧ ಮಾಲು ದುಬಾರಿ. ಡ್ರಮ್ಮಿನ ಮೇಲಿನ ಚೀಟಿ ಬದಲಾದರೆ ಕಣ್ಣಿಗೆ ಗೊತ್ತಾಗಲ್ಲ, ಮೂಗಿಗೂ ಗೊತ್ತಾಗಲ್ಲ.

ಔಷಧದಲ್ಲಿ ಇದು ಶೇಕಡಾ 0.1ಕ್ಕಿಂತ ಹೆಚ್ಚು ಇರಬಾರದು. ಛಿಂದ್ವಾಡದ ಮಕ್ಕಳು ಕುಡಿದ ಸಿರಪ್ಪನ್ನು ತಮಿಳುನಾಡು ಸರ್ಕಾರದ ಪ್ರಯೋಗಾಲಯ ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಶೇಕಡಾ 48.6. ಲೆಕ್ಕ ಹಾಕಿ. 5 ಮಿಲಿಲೀಟರಿನ ಒಂದು ಚಮಚದಲ್ಲಿ ಹೆಚ್ಚುಕಡಿಮೆ ಎರಡೂವರೆ ಗ್ರಾಂ ವಿಷ. ದಿನಕ್ಕೆ ಮೂರು ಚಮಚ ಅಂದ್ರೆ ಏಳು ಗ್ರಾಂ ದಾಟಿತು. ಮಗುವಿನ ತೂಕ ಹತ್ತು ಕಿಲೋ. ಅಮ್ಮ ಪ್ರೀತಿಯಿಂದ, ಹೊತ್ತು ಹೊತ್ತಿಗೆ, ತಪ್ಪದೆ ಕುಡಿಸಿದ್ದಾಳೆ.

ಈಗ ಪ್ರಶ್ನೆಗೆ ಬರೋಣ. ಕಿಡ್ನಿಯೇ ಯಾಕೆ?

ಇದಕ್ಕೆ ಉತ್ತರ ಹುಡುಕೋ ಕೆಲಸ ಶುರುವಾಗಿದ್ದು 1937ರಲ್ಲಿ, ಅಮೆರಿಕದಲ್ಲಿ. ಅಲ್ಲಿನ ಒಂದು ಕಂಪನಿ ಸಲ್ಫನಿಲಮೈಡ್ ಅನ್ನೋ ಔಷಧವನ್ನು ದ್ರವರೂಪದಲ್ಲಿ ಮಾರೋಕೆ ಹೊರಟಿತು. ಗಂಟಲು ನೋವಿಗೆ ಒಳ್ಳೆಯ ಮದ್ದು. ಆದರೆ ನೀರಲ್ಲಿ ಸರಿಯಾಗಿ ಕರಗುತ್ತಿರಲಿಲ್ಲ. ಕಂಪನಿಯ ರಸಾಯನ ತಜ್ಞ ಅದನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿದ. ಬಣ್ಣ ನೋಡಿದರು, ರುಚಿ ನೋಡಿದರು, ಪರಿಮಳ ನೋಡಿದರು. ವಿಷವೋ ಅಲ್ಲವೋ ಅಂತ ಮಾತ್ರ ನೋಡಲಿಲ್ಲ. ನೋಡಲೇಬೇಕು ಅಂತ ಅಂದಿನ ಕಾನೂನಿನಲ್ಲೂ ಇರಲಿಲ್ಲ. 105 ಜನ ಸತ್ತರು. ಅವರಲ್ಲಿ 34 ಮಕ್ಕಳು.

ಆಗ ಷಿಕಾಗೋ ವಿಶ್ವವಿದ್ಯಾಲಯದ ಪ್ರೊಫೆಸರ್ ಗೈಲಿಂಗ್ ಅವರ ಪ್ರಯೋಗಾಲಯಕ್ಕೆ ಈ ಪ್ರಶ್ನೆ ಬಂತು. ಅಲ್ಲಿ ಫ್ರಾನ್ಸಿಸ್ ಕೆಲ್ಸಿ ಅನ್ನೋ ಯುವ ವಿದ್ಯಾರ್ಥಿನಿ ಕೂಡ ಕೆಲಸ ಮಾಡ್ತಾ ಇದ್ದರು. ಅವರು ಮಾಡಿದ ಪ್ರಯೋಗದ ಉಪಾಯ ಬಹಳ ಸರಳ. ಕೆಲವು ಪ್ರಾಣಿಗಳಿಗೆ ಬರೀ ಔಷಧ, ಕೆಲವಕ್ಕೆ ಬರೀ ಆ ಸಿಹಿ ದ್ರವ, ಕೆಲವಕ್ಕೆ ಎರಡೂ ಸೇರಿದ ಸಿರಪ್. ಯಾವುದು ಕೊಲ್ಲುತ್ತೆ ನೋಡೋಣ ಅಂತ. ಔಷಧ ನಿರಪರಾಧಿ ಅಂತ ಸಾಬೀತಾಯ್ತು. ಕೊಂದದ್ದು ಅದನ್ನು ಕರಗಿಸಿದ್ದ ಸಿಹಿ ದ್ರವ. ಸತ್ತ ಪ್ರಾಣಿಗಳ ಕಿಡ್ನಿ ನೋಡಿದರೆ ಸತ್ತ ಮಕ್ಕಳ ಕಿಡ್ನಿಯಲ್ಲಿ ಕಂಡ ಹಾನಿಯೇ ಅಲ್ಲೂ ಕಂಡಿತು. ಮಾರನೇ ವರ್ಷ, 1938ರಲ್ಲಿ, ಔಷಧ ಮಾರುವ ಮೊದಲೇ ಅದು ಸುರಕ್ಷಿತ ಅಂತ ತೋರಿಸಬೇಕು ಅನ್ನೋ ಕಾನೂನು ಅಮೆರಿಕದಲ್ಲಿ ಬಂತು.

ಯಾರು ಕೊಂದದ್ದು ಅಂತ ಗೊತ್ತಾಯ್ತು. ಹೇಗೆ ಕೊಂದದ್ದು ಅನ್ನೋದು ಪೂರ್ತಿ ಬಯಲಾಗೋಕೆ ಇನ್ನೂ ಎಪ್ಪತ್ತು ವರ್ಷ ಬೇಕಾಯಿತು. ಅಮೆರಿಕದ ಲೂಸಿಯಾನ ರಾಜ್ಯದ ಶ್ರೀವ್‌ಪೋರ್ಟ್‌ನಲ್ಲಿ ಕೆನೆತ್ ಮೆಕ್‌ಮಾರ್ಟಿನ್ ಅನ್ನೋ ವಿಜ್ಞಾನಿಯ ತಂಡ ಈ ಕೆಲಸ ಮಾಡಿತು. ಅವರು ಮನುಷ್ಯರ ಕಿಡ್ನಿಯ ಜೀವಕೋಶಗಳನ್ನು ಪ್ರಯೋಗಾಲಯದ ತಟ್ಟೆಗಳಲ್ಲಿ ಬೆಳೆಸಿದರು. ಅವುಗಳ ಮೇಲೆ ಡೈಎಥಿಲೀನ್ ಗ್ಲೈಕಾಲ್ ಹಾಕಿದರು. ಜೀವಕೋಶ ಸತ್ತಿದೆಯೋ ಇಲ್ಲವೋ ತಿಳಿಯೋದು ಹೇಗೆ? ಜೀವಕೋಶದ ಪೊರೆ ಒಡೆದರೆ ಒಳಗಿರಬೇಕಾದ ಕಿಣ್ವಗಳು, ಅಂದ್ರೆ ಎಂಜೈಮ್‌ಗಳು, ಹೊರಗೆ ಸೋರುತ್ತವೆ. ಸುತ್ತಲಿನ ದ್ರವದಲ್ಲಿ ಅವು ಎಷ್ಟಿವೆ ಅಂತ ಅಳೆದರೆ ಒಳಗೆ ಎಷ್ಟು ಹಾನಿಯಾಗಿದೆ ಅಂತ ಗೊತ್ತಾಗುತ್ತೆ. ತೊಟ್ಟಿ ಒಡೆದಿದೆಯಾ ಅಂತ ಅಂಗಳದ ನೀರು ನೋಡಿ ಹೇಳ್ತೀವಲ್ಲ, ಹಾಗೆ.

ಈಗ ಆಶ್ಚರ್ಯ ನೋಡಿ. ಜೀವಕೋಶಗಳು ಸಾಯಲಿಲ್ಲ!

ಮಕ್ಕಳನ್ನು ಕೊಂದ ಅದೇ ದ್ರವ ತಟ್ಟೆಯಲ್ಲಿದ್ದ ಕಿಡ್ನಿಯ ಜೀವಕೋಶಗಳಿಗೆ ಏನೂ ಮಾಡಲಿಲ್ಲ. ಆ ಒಂದು ತಟ್ಟೆಯನ್ನಷ್ಟೇ ನಂಬಿದ್ದರೆ "ಇದು ಸುರಕ್ಷಿತ" ಅಂತ ಬರೆದುಬಿಡಬಹುದಿತ್ತು. ಆದರೆ ತಟ್ಟೆಯಲ್ಲಿ ಒಂದು ಇರಲಿಲ್ಲ. ಲಿವರ್.

ನಮ್ಮ ಲಿವರ್ ಮನೆಯ ಅಡುಗೆಮನೆ ಇದ್ದ ಹಾಗೆ. ಹೊಟ್ಟೆಯಿಂದ ರಕ್ತಕ್ಕೆ ಸೇರಿದ್ದೆಲ್ಲ ಮೊದಲು ಅಲ್ಲಿಗೆ ಬರುತ್ತೆ. ಅಲ್ಲಿ ಒಡೆದು, ಬದಲಾಯಿಸಿ ಮುಂದಕ್ಕೆ ಕಳಿಸೋದು. ಹೆಂಡವನ್ನು ಒಡೆಯೋದಕ್ಕೆ ಲಿವರ್‌ನಲ್ಲಿ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಅನ್ನೋ ಕಿಣ್ವ ಇದೆ. ಡೈಎಥಿಲೀನ್ ಗ್ಲೈಕಾಲ್ ಬಂದಾಗಲೂ ಅದೇ ಕಿಣ್ವ ಕೆಲಸಕ್ಕೆ ಇಳಿಯುತ್ತೆ. ಪಾಪ, ಅದಕ್ಕೇನು ಗೊತ್ತು? ಒಂದು ಹಂತ, ಇನ್ನೊಂದು ಹಂತ ಅಂತ ಬದಲಾಗುತ್ತಾ ಕೊನೆಗೆ ಡೈಗ್ಲೈಕಾಲಿಕ್ ಆಸಿಡ್ ಅನ್ನೋ ಆಮ್ಲ ತಯಾರಾಗುತ್ತೆ. ತಂಡದವರು ಆ ಆಮ್ಲವನ್ನು ತಟ್ಟೆಗೆ ಹಾಕಿದರು. ಈ ಸಲ ಕಿಡ್ನಿಯ ಜೀವಕೋಶಗಳು ಸತ್ತವು. 2011ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಅರ್ಥ ಆಯ್ತಲ್ಲ? ಬಾಟಲಿಯಲ್ಲಿ ಇದ್ದದ್ದು ವಿಷದ ಕಚ್ಚಾ ಮಾಲು. ಕೊಲ್ಲುವ ವಿಷ ತಯಾರಾದದ್ದು ಮಗುವಿನ ಒಳಗೇ.

ಸರಿ, ಆ ಆಮ್ಲ ಕಿಡ್ನಿಯನ್ನೇ ಯಾಕೆ ಹಿಡಿಯುತ್ತೆ? ಕಿಡ್ನಿಯ ಕೆಲಸ ಎಂಥದ್ದು ನೋಡಿ. ದೊಡ್ಡವರ ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ನಾವು ಮೂತ್ರ ಮಾಡೋದು ಒಂದೂವರೆ ಲೀಟರ್ ಅಷ್ಟೆ. ಮಿಕ್ಕಿದ್ದೆಲ್ಲ ವಾಪಸ್ ರಕ್ತಕ್ಕೆ. ಹೀಗೆ ವಾಪಸ್ ಎಳೆದುಕೊಳ್ಳೋ ಕೆಲಸದ ದೊಡ್ಡ ಪಾಲು ಮಾಡೋದು ಕಿಡ್ನಿಯ ಸಣ್ಣ ಸಣ್ಣ ಕೊಳವೆಗಳ ಮೊದಲ ಭಾಗದ ಜೀವಕೋಶಗಳು. ಹಗಲೂ ರಾತ್ರಿ ಪಂಪ್ ಓಡಿಸೋ ಕೂಲಿಗಳು ಅವು. ರಕ್ತದಲ್ಲಿ ಬಂದ ಆಮ್ಲವನ್ನೂ ಅವೇ ಒಳಗೆ ಎಳೆದುಕೊಳ್ತವೆ. ಎಳೆದುಕೊಂಡದ್ದನ್ನು ಹೊರಗೆ ಹಾಕೋಕೆ ಆಗಲ್ಲ. ವಿಷ ಉಣಿಸಿದ ಇಲಿಗಳ ಕಿಡ್ನಿಯಲ್ಲಿ ಈ ಆಮ್ಲ ರಕ್ತದಲ್ಲಿ ಇರೋದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತುಂಬಿಕೊಂಡಿತ್ತು.

ಈ ಜೀವಕೋಶಗಳಲ್ಲಿ ಮೈಟೋಕಾಂಡ್ರಿಯಾ ಅನ್ನೋ ಪುಟ್ಟ ವಿದ್ಯುತ್ ಕೇಂದ್ರಗಳಿವೆ. ಈ ಆಮ್ಲ ಹೋಗಿ ಅಲ್ಲಿನ ಒಂದು ಮುಖ್ಯ ಕಿಣ್ವವನ್ನು ತಡೆಯುತ್ತೆ. ಕರೆಂಟ್ ಹೋಯ್ತು. ಕರೆಂಟ್ ಇಲ್ಲದೆ ಪಂಪ್ ಓಡಲ್ಲ. ಪಂಪ್ ನಿಂತರೆ ಜೀವಕೋಶ ಊದಿಕೊಳ್ಳುತ್ತೆ, ಒಡೆಯುತ್ತೆ. ಸತ್ತ ಜೀವಕೋಶಗಳು ಕೊಳವೆಯಲ್ಲೇ ಕಟ್ಟಿಕೊಳ್ಳುತ್ತವೆ. ಮೂತ್ರ ನಿಲ್ಲುತ್ತೆ. ಸಾಮಾನ್ಯವಾಗಿ ಇದು ಆಗೋದು ಒಂದರಿಂದ ಮೂರು ದಿನದಲ್ಲಿ. ಮೊದಲ ದಿನ ವಾಂತಿ, ಹೊಟ್ಟೆನೋವು, ಮಂಪರು ಅಷ್ಟೇ. ಅಮ್ಮ ಅಂದುಕೊಳ್ತಾಳೆ, ಜ್ವರದ ಮಗು ಮಲಗಲಿ ಬಿಡಿ ಅಂತ. ಅವಳನ್ನು ದೂರೋಕೆ ಆಗುತ್ತಾ?

ಅರಸೀಕೆರೆಯ ತಾಯಿಯ ಪ್ರಶ್ನೆಗೆ ಇದು ಉತ್ತರ. ಅತಿ ಹೆಚ್ಚು ದುಡಿಯುವ ಅಂಗಕ್ಕೇ ಹೊಡೆತ ಬೀಳುತ್ತೆ.

ಇದೆಲ್ಲ ತಿಳಿದು ಏನು ಪ್ರಯೋಜನ ಅಂತ ಕೇಳಬಹುದು. ಪ್ರಯೋಜನ ಇದೆ. ಲಿವರ್‌ನ ಆ ಕಿಣ್ವವನ್ನೇ ತಡೆದರೆ? ಫೋಮೆಪಿಜೋಲ್ ಅನ್ನೋ ಔಷಧ ಆ ಕೆಲಸ ಮಾಡುತ್ತೆ. ವಿಷ ಉಣಿಸಿದ ಇಲಿಗಳಿಗೆ ಅದನ್ನು ಕೊಟ್ಟಾಗ ಆಮ್ಲ ತಯಾರಾಗಲಿಲ್ಲ, ಕಿಡ್ನಿ ಉಳಿಯಿತು. ಕಚ್ಚಾ ಮಾಲು ಕಚ್ಚಾ ಮಾಲಾಗೇ ಮೂತ್ರದಲ್ಲಿ ಹೊರಗೆ ಹೋಯಿತು. ಆದರೆ ಒಂದು ಷರತ್ತು. ಬೇಗ ಕೊಡಬೇಕು. ಆಮ್ಲ ಕಿಡ್ನಿ ಸೇರಿದ ಮೇಲೆ ಕೊಟ್ಟರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಆಮೇಲೆ ಉಳಿಯೋದು ಡಯಾಲಿಸಿಸ್ ಒಂದೇ. ಬೇಗ ಕೊಡಬೇಕು ಅಂದ್ರೆ ಬೇಗ ಗೊತ್ತಾಗಬೇಕು. ಒಂದು ಹಳ್ಳಿಯ ಮಗು ಕುಡಿದ ಸಿರಪ್‌ನಲ್ಲಿ ಏನಿತ್ತು ಅಂತ ಮೊದಲ ದಿನವೇ ಯಾರಿಗೆ ಗೊತ್ತಾಗುತ್ತೆ ಹೇಳಿ?

ಅದಕ್ಕೇ ನನ್ನ ಸಿಟ್ಟು ಬೇರೆ ಕಡೆ ಇದೆ. 1986ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಇದೇ ವಿಷ ಬೆರೆತ ಗ್ಲಿಸರಿನ್‌ನಿಂದ 14 ರೋಗಿಗಳು ಸತ್ತರು. ನ್ಯಾಯಮೂರ್ತಿ ಲೆಂಟಿನ್ ಆಯೋಗ ವಿಚಾರಣೆ ನಡೆಸಿತು. 1998ರಲ್ಲಿ ದೆಹಲಿ ಪಕ್ಕದ ಗುರುಗ್ರಾಮದಲ್ಲಿ ಮಕ್ಕಳು ಸತ್ತರು. 2020ರ ಹೊತ್ತಿಗೆ ಜಮ್ಮುವಿನ ರಾಮನಗರದಲ್ಲಿ ಮಕ್ಕಳು ಸತ್ತರು. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ಸತ್ತಾಗ ಭಾರತದಲ್ಲಿ ತಯಾರಾದ ಸಿರಪ್‌ಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿಗೇ ಎಚ್ಚರಿಕೆ ಕೊಟ್ಟಿತು. ಮತ್ತೆ 2025, ಛಿಂದ್ವಾಡ.

1937ರಲ್ಲಿ ಒಂದು ಕಂಪನಿ "ನಮಗೆ ಗೊತ್ತಿರಲಿಲ್ಲ" ಅಂತ ಹೇಳಬಹುದಿತ್ತು. ಈಗ ಆ ಮಾತು ಹೇಳೋಕೆ ಯಾರಿಗೆ ಬಾಯಿದೆ? ಈ ವಿಷ ಯಾವ ಅಂಗಕ್ಕೆ ಹೋಗುತ್ತೆ, ಯಾವ ಜೀವಕೋಶ ಹಿಡಿಯುತ್ತೆ, ಯಾವ ಕಿಣ್ವ ತಡೆಯುತ್ತೆ, ಎಲ್ಲ ವಿಜ್ಞಾನ ಹೇಳಿಯಾಗಿದೆ. ಡ್ರಮ್ಮಿನಲ್ಲಿ ಅದು ಇದೆಯೋ ಇಲ್ಲವೋ ಅಂತ ನಿಖರವಾಗಿ ಹೇಳೋ ಗ್ಯಾಸ್ ಕ್ರೊಮ್ಯಾಟೋಗ್ರಫಿ ಅನ್ನೋ ಪರೀಕ್ಷೆ ಇದೆ. ಅದು ದುಬಾರಿ ಅಂದ್ರೆ, ಒಂದು ತೆಳು ಪದರದ ಫಲಕದ ಮೇಲೆ ಹನಿ ಇಟ್ಟು ನೋಡೋ ಅಗ್ಗದ ಪರೀಕ್ಷೆಯೂ ಇದೆ. ಅಲ್ಲಿ ಜೀವಕೋಶದ ಒಳಗಿನ ಒಂದೊಂದು ಕಿಣ್ವವನ್ನು ಹುಡುಕೋಕೆ ಪ್ರಯೋಗಾಲಯಗಳು ವರ್ಷಗಟ್ಟಲೆ ದುಡಿದಿವೆ. ಇಲ್ಲಿ ಒಂದು ಡ್ರಮ್ ಮುಚ್ಚಳ ತೆಗೆದು ಒಂದು ಹನಿ ಪರೀಕ್ಷೆ ಮಾಡೋಕೆ ಬಿಡುವಿಲ್ಲ. ಆ ಒಂದು ಹನಿ ಪರೀಕ್ಷೆ ಆಗದಿದ್ದರೆ ಮುಂದಿನ ಪರೀಕ್ಷೆ ನಡೆಯೋದು ನಮ್ಮ ಮಕ್ಕಳ ಮೇಲೆ. ಇಲಿಗಳ ಜಾಗದಲ್ಲಿ ಮಕ್ಕಳು.

ಮನೆಯಲ್ಲಿ ನಾವು ಮಾಡಬಹುದಾದ್ದು ಇಷ್ಟು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ಶೀತದ ಸಿರಪ್ ಬೇಡ ಅಂತ ಕೇಂದ್ರ ಆರೋಗ್ಯ ಇಲಾಖೆಯೇ ಹೇಳಿದೆ; ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ. ಮಕ್ಕಳ ಕೆಮ್ಮು ಬಹುಪಾಲು ತಾನಾಗೇ ಹೋಗುತ್ತೆ. ಅಂಗಡಿಯಲ್ಲಿ ಕೇಳಿ ತಂದು ಕೊಡಬೇಡಿ. ಕೊಟ್ಟ ಮೇಲೆ ಮಗು ವಾಂತಿ ಮಾಡಿದರೆ, ಮಂಪರಾದರೆ, ಮುಖ್ಯವಾಗಿ ಮೂತ್ರ ಕಡಿಮೆಯಾದರೆ, ಬೆಳಗಾಗಲಿ ಅಂತ ಕಾಯಬೇಡಿ. ಆಸ್ಪತ್ರೆಗೆ ಓಡಿ. ಬಾಟಲಿ ಎಸೆಯಬೇಡಿ, ಜೊತೆಗೆ ತಗೊಂಡು ಹೋಗಿ. ಅದರಲ್ಲಿ ಉಳಿದ ಎರಡು ಚಮಚವೇ ನಾಳೆ ಇನ್ನೊಂದು ಮನೆಯ ಮಗುವನ್ನು ಉಳಿಸಬಹುದು.

ಅರಸೀಕೆರೆಯ ಅಮ್ಮ, ಅವತ್ತು ಬ್ರೇಕ್ ತಗೊಂಡಿದ್ದಕ್ಕೆ ಕ್ಷಮಿಸಿ. ನಿಮ್ಮ ಪ್ರಶ್ನೆಗೆ ಉತ್ತರ ತಡವಾಗಿ ಕೊಟ್ಟಿದ್ದೀನಿ. ಡ್ರಮ್ ಯಾಕೆ ಪರೀಕ್ಷೆ ಆಗಲಿಲ್ಲ ಅನ್ನೋ ಪ್ರಶ್ನೆಗೆ ನಾನು ಉತ್ತರ ಕೊಡೋಕೆ ಆಗಲ್ಲ. ಅದನ್ನು ಕೊಡಬೇಕಾದವರು ಬೇರೆ ಇದ್ದಾರೆ. ಅವರನ್ನು ಕೇಳ್ತಾನೇ ಇರೋಣ.