ಮಾವನ ಹೆಗಲಿಗೆ ಸಿಂಹ ಬಂತು

ಹೆಗಲ ಮೇಲಿನ ಮೂರು ನಕ್ಷತ್ರ ತೆಗೆದರೆ ಅದು ಬಡ್ತಿ ಹೇಗಾಗುತ್ತೆ?

ಭಾರತೀಯ ಸೇನೆಯ ಕ್ಯಾಪ್ಟನ್‌ಗೆ ಮೂರು ನಕ್ಷತ್ರ.
ಮೇಜರ್ ಆದಾಗ ಮೂರೂ ಇಳಿಯುತ್ತವೆ.
ಆ ಜಾಗಕ್ಕೆ ಬರೋದು ಒಂದೇ ಚಿಹ್ನೆ.
ಅಶೋಕ ಸ್ತಂಭದ ಸಿಂಹಗಳು!
ಇದಕ್ಕೆ ಸಾಮಾನ್ಯವಾಗಿ 6 ವರ್ಷಗಳ ಸೇವೆ ಬೇಕು.

ಈಗ ಕೊಡಗಿನ ಒಂದು ಮನೆ ನೋಡಿ.
ಎರಡು ವರ್ಷದ ಮಗುವನ್ನು ಎತ್ತಿಕೊಂಡು,
ರಾತ್ರಿಯಿಡೀ ಪ್ರಯಾಣ ಮಾಡಿ,
ಸೋದರಮಾವನ ಬಡ್ತಿ ನೋಡೋಕೆ ಹೊರಟಿದ್ದಾರೆ.
ಅಜ್ಜಿ, ದೊಡ್ಡಪ್ಪ, ಚಿಕ್ಕಮ್ಮ ಎಲ್ಲರೂ ಸಮಾರಂಭದಲ್ಲೇ ಸೇರ್ತಾರೆ.

ಯಾಕಿಷ್ಟು ಸಡಗರ?

ಆದೇಶ ಕಾಗದದಲ್ಲಿ ಬಂದಿರುತ್ತೆ, ನಿಜ.
ಆದರೆ ಚಿಹ್ನೆ ತೊಡಿಸುವಾಗ
ಒಂದು ಹೆಗಲಿಗೆ ಹಿರಿಯ ಅಧಿಕಾರಿಯ ಕೈ,
ಇನ್ನೊಂದಕ್ಕೆ ಹೆಚ್ಚಾಗಿ ಮನೆಯವರ ಕೈ.
ನಾಮಕರಣದ ದಿನ ಸೋದರತ್ತೆ
ಮಗುವಿನ ಕಿವಿಯಲ್ಲಿ ಹೆಸರು ಹೇಳ್ತಾರಲ್ಲ, ಹಾಗೆ!

ನೀವೂ ಇಂಥ ಸಮಾರಂಭಕ್ಕೆ ಹೋಗ್ತಿದ್ದೀರಾ? ಪುಟಾಣಿ ಜೊತೆಗಿದ್ದರೆ ಬೇಗ ಹೊರಡಿ.
ಸೇನಾ ಆವರಣದ ಗೇಟಿನಲ್ಲಿ ಗುರುತಿನ ಚೀಟಿ ನೋಡ್ತಾರೆ.
ನೀರು, ತಿಂಡಿ ಡಬ್ಬಿ ಕೈಯಲ್ಲೇ ಇರಲಿ.

ಕೊಡಗಿಗೆ ಈ ಹೆಮ್ಮೆ ಹಳೆಯದು.
1949ರ ಜನವರಿ 15ರಂದು ಸೇನೆಯ ಚುಕ್ಕಾಣಿ ಹಿಡಿದ
ಮೊದಲ ಭಾರತೀಯ, ಕೊಡಗಿನ ಕಾರ್ಯಪ್ಪ.
1986ರಲ್ಲಿ ಅವರು ಫೀಲ್ಡ್ ಮಾರ್ಷಲ್ ಆದರು.

ಸಮಾರಂಭ ಮುಗೀತು.
ಮಾವ ಮಗುವನ್ನು ಎತ್ತಿಕೊಳ್ತಾರೆ.
ಪುಟ್ಟ ಬೆರಳು ಸೀದಾ ಸಿಂಹದ ಮೇಲೆ!